ಚಕ್ಕುಲಿಯ ಬೆನ್ನುಮೂಳೆ ಮುಚ್ಚೋಕೆ ಹತ್ತು ತಿಂಗಳು

ಹೋದ ವರ್ಷ ದೀಪಾವಳಿ ಕಳೆದು ಎರಡು ವಾರ ಆಗಿತ್ತು. ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಬಳ್ಳಾರಿಗೆ ಕಾರಿನಲ್ಲಿ ಬಂದು, ಬಾಯಿಗೆ ಗಂಟು ಹಾಕಿದ ಒಂದು ದಿಂಬಿನ ಕವರನ್ನು ನನ್ನ ಕೈಗೆ ಕೊಟ್ಟ. ಒಳಗೆ ಬಾಲ್ ಪೈಥಾನ್. ನಾಲ್ಕು ವರ್ಷದ ಹೆಣ್ಣು. ಅವನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತ್ತು, ಹಾವನ್ನು ಜೊತೆಗೆ ಒಯ್ಯುವ ಹಾಗಿರಲಿಲ್ಲ. "ಅಣ್ಣಾ, ನೀನಾದ್ರೆ ಸರಿಯಾಗಿ ನೋಡ್ಕೋತೀಯ" ಅಂದ. ಎರಡು ವರ್ಷದ ಹಿಂದೆ ಅವನ ಮನೆಗೆ ಹೋದಾಗ ಇದೇ ಹಾವನ್ನು ತೋಳಿನ ಮೇಲೆ ಬಿಟ್ಟುಕೊಂಡಿದ್ದೆ, ಆಗ ತೋಳು ಜಗ್ಗುವಷ್ಟು ಭಾರ ಇತ್ತು. ಈ ಸಲ ಕವರ್ ಹಿಡಿದ ಕೂಡಲೇ ಎದೆ ಧಸಕ್ ಅಂತು. ಅಷ್ಟು ಹಗುರ.

ಅಡುಗೆಮನೆಯ ತಕ್ಕಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ಇಟ್ಟು ತೂಗಿದೆ. 812 ಗ್ರಾಂ. ಈ ಜಾತಿಯ ಬೆಳೆದ ಹೆಣ್ಣು ಸಾಮಾನ್ಯವಾಗಿ ಒಂದೂಕಾಲು ಕೆಜಿಯಿಂದ ಎರಡು ಕೆಜಿವರೆಗೆ ಇರುತ್ತದೆ. ಇವಳದು ಸಣ್ಣ ಮೈಕಟ್ಟು ಅಂತ ಇಟ್ಟುಕೊಂಡರೂ ಕಡಿಮೆ ಅಂದರೆ 1,200 ಇರಬೇಕಿತ್ತು.

ಅವಳ ಹೆಸರು ಚಕ್ಕುಲಿ. ಸುತ್ತಿಕೊಂಡು ಮಲಗುತ್ತಾಳಲ್ಲ, ಅದಕ್ಕೆ. ಬಾಲ್ ಪೈಥಾನ್ ಅನ್ನೋ ಹೆಸರು ಬಂದಿದ್ದೂ ಹಾಗೇ. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ವಿಷ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಇದನ್ನು ಬಹಳ ಜನ ಕೇಳುತ್ತಾರೆ. ನಾಗರ, ಕೇರೆ, ನಮ್ಮ ಹೆಬ್ಬಾವು, ಇವು ಯಾವುದನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಹೊಲದಲ್ಲಿ ಸಿಕ್ಕ ಹಾವನ್ನು ಡಬ್ಬಿಯಲ್ಲಿ ಇಟ್ಟುಕೊಂಡು "ಸಾಕ್ತೀನಿ" ಅನ್ನೋದು ತಪ್ಪು, ಆ ಹಾವಿಗೂ ಅನ್ಯಾಯ. ಬಾಲ್ ಪೈಥಾನ್ ಹೊರದೇಶದ್ದು, ಆದರೂ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ (ಸೈಟ್ಸ್) ಪಟ್ಟಿಯಲ್ಲಿರುವ ಪ್ರಾಣಿ. ಹಾಗಾಗಿ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕೈ ಬದಲಾದರೂ, ಮರಿ ಆದರೂ, ಸತ್ತರೂ ತಿಳಿಸಬೇಕು. ತಮ್ಮ ಅದನ್ನೆಲ್ಲ ಸರಿಯಾಗಿ ಇಟ್ಟಿದ್ದ. ಮೊದಲ ವಾರ ನಾವಿಬ್ಬರೂ ಕೂತು ನನ್ನ ಹೆಸರಿಗೆ ವರ್ಗಾವಣೆ ಹಾಕಿದೆವು. ಕಾಗದ ಇಲ್ಲದ ಹಾವನ್ನು ಯಾರಾದರೂ ಕಡಿಮೆ ಬೆಲೆಗೆ ಕೊಡ್ತೀನಿ ಅಂದರೆ ದಯವಿಟ್ಟು ತೆಗೆದುಕೊಳ್ಳಬೇಡಿ.

ಇನ್ನು ಮೈ ವಿಷಯ. ಹಾವು ಸೊರಗಿದೆ ಅಂತ ತಕ್ಕಡಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಬಾಲ್ ಪೈಥಾನ್ ಮೇಲೆ ಬೆರಳು ಆಡಿಸಿದರೆ ಬೆನ್ನುಮೂಳೆ ಅಲ್ಲಿದೆ ಅಂತ ತಿಳಿಯುತ್ತೆ, ಆದರೆ ಎರಡೂ ಕಡೆ ಮಾಂಸ ದುಂಡಗೆ ತುಂಬಿಕೊಂಡಿರುತ್ತೆ. ಚಕ್ಕುಲಿಯ ಬೆನ್ನು ಗುಡಿಸಲಿನ ನೆತ್ತಿಯ ಹಾಗೆ ಮೇಲೆ ಚೂಪು, ಎರಡೂ ಕಡೆ ಇಳಿಜಾರು. ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಸುತ್ತಿಕೊಂಡಾಗ ಪಕ್ಕೆಯ ಚರ್ಮ ಅಳತೆ ತಪ್ಪಿದ ಅಂಗಿ ಹಾಗೆ ಮಡಿಕೆ ಬೀಳುತ್ತಿತ್ತು. ಬಾಲದ ಬುಡ ಸಣ್ಣಗಾಗಿತ್ತು. ಕಣ್ಣು ಸ್ವಲ್ಪ ಒಳಗೆ ಇಳಿದಿತ್ತು, ಬಾಯಿ ತೆರೆದಾಗ ಜೊಲ್ಲು ಅಂಟಂಟಾಗಿ ಎಳೆ ಬರುತ್ತಿತ್ತು. ಇವೆರಡು ನೀರು ಸಾಲದ ಗುರುತು ಅಂತ ನನಗೆ ಆಗ ಗೊತ್ತಿರಲಿಲ್ಲ. ನನಗೆ ಕಂಡಿದ್ದು ಹಸಿವು ಮಾತ್ರ.

ಅಲ್ಲೇ ನಾನು ತಪ್ಪು ಮಾಡಿದೆ. ಮನೆಗೆ ಬಂದ ಮೂರನೇ ದಿನ, ತಮ್ಮ ಐಸ್ ಡಬ್ಬಿಯಲ್ಲಿ ತಂದುಕೊಟ್ಟಿದ್ದ ಫ್ರೀಜ್ ಮಾಡಿದ ಬಿಳಿ ಇಲಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ಕೊಟ್ಟೆ. 120 ಗ್ರಾಂ ಇತ್ತು. ಪಾಪ, ಎಷ್ಟು ದಿನದಿಂದ ಉಪವಾಸವೋ, ಹೊಟ್ಟೆ ತುಂಬಲಿ ಅಂತ. ಅವಳು ಹಿಡಿದಳು, ನುಂಗಿದಳು, ನನಗೆ ಹಬ್ಬ ಆದಷ್ಟು ಖುಷಿ. ತಿಂದ ನಾಲ್ಕನೇ ದಿನ ಬೆಳಿಗ್ಗೆ ಕೋಣೆ ಬಾಗಿಲು ತೆಗೆದರೆ ಉಸಿರು ಕಟ್ಟುವ ವಾಸನೆ. ಅರ್ಧ ಕರಗಿದ ಇಲಿಯನ್ನು ಪೂರ್ತಿ ಕಕ್ಕಿ, ನೀರಿನ ಬಟ್ಟಲಿನ ಹಿಂದೆ ಮುದುಡಿ ಮಲಗಿದ್ದಳು. ತೂಕ 786ಕ್ಕೆ ಇಳಿದಿತ್ತು. ಅವತ್ತು ಕೆಲಸಕ್ಕೆ ಹೋದರೂ ಮನಸ್ಸು ಅಲ್ಲಿರಲಿಲ್ಲ. ನಾನು ಜೀನ್ಸ್ ಹೊಲಿಯುವ ಒಂದು ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಅವತ್ತು ಎರಡು ಬಿಲ್ಲಿನ ಕೂಡಿಕೆ ತಪ್ಪಿತ್ತು.

ರಾತ್ರಿ ಅವ್ವನ ಹತ್ತಿರ ಹೇಳಿಕೊಂಡೆ. ಅವ್ವನಿಗೆ ಹಾವು ಮನೆಗೆ ಬಂದಿದ್ದೇ ಇಷ್ಟ ಇರಲಿಲ್ಲ, ಮಹಡಿ ಕೋಣೆಗೆ ಕಾಲೇ ಇಟ್ಟಿರಲಿಲ್ಲ. ಆದರೂ ಕೇಳಿಸಿಕೊಂಡು ಒಂದು ಮಾತು ಅಂದಳು: "ಜ್ವರ ಬಿಟ್ಟೋರಿಗೆ ಮೊದಲ ದಿನಾನೇ ರೊಟ್ಟಿ ಕೊಡ್ತಾರೇನೋ? ಗಂಜಿ ಕೊಡ್ತಾರೆ."

ಮರುದಿನ ಬೆಂಗಳೂರಿನಲ್ಲಿ ಹಾವು, ಆಮೆ ನೋಡುವ ಒಬ್ಬ ಪಶುವೈದ್ಯರಿಗೆ ಫೋನ್ ಮಾಡಿದೆ. ನಂಬರ್ ತಮ್ಮ ಕೊಟ್ಟಿದ್ದ. ಅವರು ಹೇಳಿದ್ದೂ ಅವ್ವನ ಮಾತೇ, ಕಾರಣ ಬಿಡಿಸಿ ಹೇಳಿದರು. ಬಹಳ ದಿನ ಹಸಿದ ಮೈ ತನ್ನ ಕೊಬ್ಬು, ಮಾಂಸ ಕರಗಿಸಿಕೊಂಡು ಬದುಕುತ್ತಿರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ, ರಂಜಕ ಎಲ್ಲ ಹೇಗೋ ಒಂದು ಮಟ್ಟದಲ್ಲಿ ನಿಂತಿರುತ್ತವೆ. ಒಮ್ಮೆಲೇ ದೊಡ್ಡ ಊಟ ಬಿದ್ದರೆ ಇನ್ಸುಲಿನ್ ಏರಿ, ಆ ಲವಣಗಳು ರಕ್ತ ಬಿಟ್ಟು ಜೀವಕೋಶದೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯ, ಸ್ನಾಯು ಎರಡಕ್ಕೂ ಅಪಾಯ. ಇದು ಮನುಷ್ಯರಲ್ಲೂ ಆಗುತ್ತೆ. ಎರಡನೇ ಮಹಾಯುದ್ಧ ಮುಗಿದಾಗ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ಎಷ್ಟೋ ಜನ ಊಟ ಸಿಕ್ಕ ಮೇಲೆ ಸತ್ತರು. ಚಕ್ಕುಲಿ ಕಕ್ಕಿದ್ದೇ ಒಂದು ಲೆಕ್ಕದಲ್ಲಿ ಒಳ್ಳೆಯದಾಯಿತೇನೋ ಅಂತ ಈಗ ಅನಿಸುತ್ತದೆ. ಆದರೆ ಕಕ್ಕಿದರೆ ಹಾವಿಗೆ ಬಹಳ ನಷ್ಟ. ಹೊಟ್ಟೆಯ ಆಮ್ಲ ಗಂಟಲನ್ನೆಲ್ಲ ಸುಡುತ್ತದೆ, ಜೀರ್ಣ ಮಾಡುವ ರಸ ಹೋಗಿಬಿಡುತ್ತದೆ, ಅದೆಲ್ಲ ಮತ್ತೆ ಕೂಡಿಕೊಳ್ಳೋಕೆ ದಿನ ಬೇಕು. ಕನಿಷ್ಠ ಎರಡು ವಾರ ಏನೂ ಕೊಡಬೇಡಿ ಅಂದರು. ಮೂಳೆ ಎಣಿಸುವ ಹಾಗೆ ಇರುವ ಜೀವಕ್ಕೆ ಎರಡು ವಾರ ಊಟ ಕೊಡದೆ ಇರೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಆಮೇಲೆ ಅವರು ಕೇಳಿದರು: "ಬಿಸಿ ಎಷ್ಟಿದೆ?"

30 ಡಿಗ್ರಿ ಸರ್, ಅಂದೆ. ಅವಳ ಪೆಟ್ಟಿಗೆಯ ಗಾಜಿಗೆ ಅಂಟಿಸಿದ ದುಂಡನೆಯ ಥರ್ಮಾಮೀಟರ್ ಹಾಗೇ ತೋರಿಸುತ್ತಿತ್ತು. ಅದನ್ನು ನಂಬಬೇಡಿ, ಹಾವು ಮಲಗುವ ಜಾಗದಲ್ಲಿ ಅಳೆಯಿರಿ ಅಂದರು. ನೆಲದ ಬಿಸಿ ತೋರಿಸುವ ಇನ್‌ಫ್ರಾರೆಡ್ ಗನ್ ಒಂದನ್ನು ತರಿಸಿಕೊಂಡು (ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ಆಗಲ್ಲ, ವಸ್ತುಗಳ ಬಿಸಿ ಅಳೆಯುವುದು ಬೇರೆ ಸಿಗುತ್ತೆ) ರಾತ್ರಿ ಹನ್ನೊಂದಕ್ಕೆ ನೋಡಿದೆ. ಬಿಸಿಗೆ ಅಂತ ಹಾಸುವ ಕರೆಂಟಿನ ಹೀಟ್ ಮ್ಯಾಟ್ ಮೇಲೆ 26. ಇನ್ನೊಂದು ತುದಿಯಲ್ಲಿ 20. ಬಳ್ಳಾರಿ ಅಂದರೆ ಬೆಂಕಿ ಬಿಸಿಲು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಡಿಸೆಂಬರ್ ರಾತ್ರಿ ನಮ್ಮ ಮಹಡಿ ಕೋಣೆಯ ತಂಪು ನನಗೂ ಲೆಕ್ಕಕ್ಕೆ ಬಂದಿರಲಿಲ್ಲ.

ಅಲ್ಲಿಗೆ ಇಡೀ ಕತೆ ತಿಳಿಯಿತು. ಹಾವಿನ ಮೈಯೊಳಗೆ ಒಲೆ ಇಲ್ಲ. ನಾವು ಉಂಡ ಅನ್ನ ಕರಗಿಸೋಕೆ ನಮ್ಮ ಮೈಯೇ ಬಿಸಿ ಕೊಡುತ್ತೆ, ಹಾವು ಆ ಬಿಸಿಯನ್ನು ಹೊರಗಿನಿಂದ ತೆಗೆದುಕೊಳ್ಳಬೇಕು. ಬಾಲ್ ಪೈಥಾನ್‌ಗೆ ಬೆಚ್ಚನೆಯ ತುದಿ 31-32 ಡಿಗ್ರಿ, ತಂಪು ತುದಿ 25-27 ಇರಬೇಕು. ಅಷ್ಟು ಇಲ್ಲದಿದ್ದರೆ ನುಂಗಿದ ಇಲಿ ಹೊಟ್ಟೆಯಲ್ಲಿ ಕರಗೋದಕ್ಕಿಂತ ಮೊದಲು ಕೊಳೆಯುತ್ತದೆ, ಹಾವು ಕಕ್ಕುತ್ತದೆ. ತಮ್ಮನಿಗೆ ಫೋನ್ ಮಾಡಿ ಕೇಳಿದೆ. ಹೋದ ವರ್ಷ ಮಳೆಗಾಲದಿಂದಲೂ ಆಗಾಗ ಕಕ್ಕುತ್ತಿತ್ತಂತೆ. ಕಕ್ಕಿದ್ದನ್ನು ಸರಿದೂಗಿಸೋಕೆ ಅಂತ ಅವನು ಮುಂದಿನ ಸಲ ಇನ್ನೂ ದೊಡ್ಡ ಇಲಿ ಕೊಡುತ್ತಿದ್ದ. ಮತ್ತೆ ಕಕ್ಕುತ್ತಿತ್ತು. ಆಮೇಲೆ ತಿನ್ನೋದನ್ನೇ ಬಿಟ್ಟಿತು. ಮ್ಯಾಟ್ ಕೆಟ್ಟಿದ್ದು ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಗಾಜಿನ ಮೇಲಿನ ಮುಳ್ಳು 30ರಲ್ಲೇ ಇತ್ತು. ಅವನು ಪ್ರೀತಿಯಿಂದಲೇ ಮಾಡಿದ್ದು. ನಾನೂ ಹಾಗೇ ಮಾಡಿದೆ ತಾನೇ.

ನಿಮ್ಮ ಹಾವು ಸೊರಗಿದ್ದರೆ, ಇಲಿ ಎಷ್ಟು ದೊಡ್ಡದು ಕೊಡಲಿ ಅಂತ ಕೇಳೋದಕ್ಕಿಂತ ಮೊದಲು ಆ ಪೆಟ್ಟಿಗೆಯ ಬಿಸಿ ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಎರಡೂ ತುದಿಯಲ್ಲಿ.

ಹೊಸ ಮ್ಯಾಟ್ ತಂದೆ, ಜೊತೆಗೆ ಬಿಸಿ ಮಿತಿ ದಾಟದ ಹಾಗೆ ತಡೆಯುವ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕೋದು ಒಲೆ ಹಚ್ಚಿ ಊರಿಗೆ ಹೋದ ಹಾಗೆ, ಹಾವಿನ ಹೊಟ್ಟೆ ಸುಟ್ಟರೂ ಅದು ಎದ್ದು ಹೋಗದೆ ಅಲ್ಲೇ ಮಲಗಿರುತ್ತದೆ. ಸೆನ್ಸರ್ ವಯರನ್ನು ಮ್ಯಾಟಿನ ಮೇಲೆಯೇ ಕೂರಿಸಿದೆ. ರಾತ್ರಿಯ ಚಳಿಗೆ ಮೇಲಿನಿಂದ ಬೆಳಕು ಕೊಡದ ಸೆರಾಮಿಕ್ ಬಲ್ಬ್ ಒಂದನ್ನು ಜಾಲರಿ ಕಟ್ಟಿ ಹಾಕಿದೆ. ಕರೆಂಟ್ ಹೋದರೆ ಅಂತ ಎರಡು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪೆಟ್ಟಿಗೆ ಹೊರಗೆ ಒತ್ತಿ ಇಡೋ ಅಭ್ಯಾಸ ಮಾಡಿಕೊಂಡೆ.

ಎರಡನೆಯದು ನೀರು. ದಿನ ಬಿಟ್ಟು ದಿನ, ಬೆಚ್ಚಗಿನ ನೀರನ್ನು ಅಗಲವಾದ ಡಬ್ಬಿಯಲ್ಲಿ ಅವಳ ಮೈಯ ಅರ್ಧ ಎತ್ತರಕ್ಕೆ ಮಾತ್ರ ಹಾಕಿ, ಹದಿನೈದು ನಿಮಿಷ ಬಿಡುತ್ತಿದ್ದೆ. ಪಕ್ಕದಲ್ಲೇ ಕೂತು. ನಿಶ್ಶಕ್ತ ಹಾವು ಆಳ ನೀರಲ್ಲಿ ಮುಳುಗಬಹುದು, ಬಿಟ್ಟು ಹೋಗಬಾರದು. ಎರಡನೇ ಸಲ ತಲೆ ತಗ್ಗಿಸಿ ಕುಡಿದಳು. ಗಂಟಲು ಮೆಲ್ಲಗೆ ಏರಿಳಿಯೋದು ಕಾಣುತ್ತಿತ್ತು, ಐದಾರು ನಿಮಿಷ ನಿಲ್ಲಿಸಲೇ ಇಲ್ಲ. ಹಾವಿನ ಮೂತ್ರ ಬಿಳಿ ಸುಣ್ಣದ ಮುದ್ದೆ ಹಾಗೆ ಬರುತ್ತದೆ. ಅವಳದು ಮೊದಲು ಹಳದಿ, ಗಟ್ಟಿ, ಸಣ್ಣ ಕಲ್ಲಿನ ಹಾಗಿತ್ತು. ಹತ್ತು ದಿನಕ್ಕೆ ಬೆಳ್ಳಗೆ, ಮೆತ್ತಗೆ ಆಯಿತು. ನೀರು ಮೈಗೆ ಹತ್ತಿದೆ ಅಂತ ನನಗೆ ಗೊತ್ತಾಗಿದ್ದು ಅದರಿಂದಲೇ.

ಮೂರನೆಯದು ಮರೆ. ತಮ್ಮನ ಮನೆಯಲ್ಲಿ ಪೆಟ್ಟಿಗೆಯ ನಾಲ್ಕೂ ಕಡೆ ಬರೀ ಗಾಜು, ಚೆಂದ ಕಾಣಲಿ ಅಂತ. ಈ ಹಾವು ಕಾಡಿನಲ್ಲಿ ಹಗಲೆಲ್ಲ ಬಿಲದಲ್ಲಿ, ಗೆದ್ದಲು ಹುತ್ತದಲ್ಲಿ ಇರುವಂಥದ್ದು. ಎಲ್ಲ ಕಡೆಯಿಂದ ಕಾಣುತ್ತಿದ್ದರೆ ಅದಕ್ಕೆ ನೆಮ್ಮದಿ ಇಲ್ಲ, ನೆಮ್ಮದಿ ಇಲ್ಲದಿದ್ದರೆ ಊಟ ಇಲ್ಲ. ಮೂರು ಕಡೆ ಕಂದು ಕಾಗದ ಅಂಟಿಸಿದೆ. ಕುಂಬಾರರ ಹತ್ತಿರ ಹೋಗಿ ಎರಡು ಮಣ್ಣಿನ ಗಡಿಗೆ ತಂದು, ಬಾಯಿ ಕೆಳಗೆ ಮಾಡಿ, ಅಂಚಿನಲ್ಲಿ ಅವಳು ನುಸುಳುವಷ್ಟು ಒಡೆದು, ಚೂಪು ಹೋಗೋ ಹಾಗೆ ಕಲ್ಲಿಗೆ ಉಜ್ಜಿ, ಬೆಚ್ಚನೆ ತುದಿಗೊಂದು ತಂಪು ತುದಿಗೊಂದು ಇಟ್ಟೆ. ಗಡಿಗೆ ಅವಳ ಮೈಗೆ ತಾಗಬೇಕು, ದೊಡ್ಡದಾದರೆ ಪ್ರಯೋಜನ ಇಲ್ಲ. ಒಳಗೆ ಹೋದವಳು ಎರಡು ದಿನ ಹೊರಗೆ ಬರಲಿಲ್ಲ. ನಾನೂ ಮುಟ್ಟಲಿಲ್ಲ. ನೋಡೋಕೆ ಬಂದ ಗೆಳೆಯರನ್ನು ಬಾಗಿಲಲ್ಲೇ ನಿಲ್ಲಿಸಿದೆ, ಒಬ್ಬನಿಗೆ ಬೇಜಾರೂ ಆಯಿತು.

ಹೊಟ್ಟೆಯ ಹುಳು ನೋಡಿಸಿ ಅಂತಲೂ ಡಾಕ್ಟರ್ ಹೇಳಿದ್ದರು. ಹಿಕ್ಕೆಯನ್ನು ಪುಟ್ಟ ಡಬ್ಬಿಯಲ್ಲಿ ತೆಗೆದುಕೊಂಡು ನಮ್ಮೂರ ಪಶು ಆಸ್ಪತ್ರೆಗೆ ಹೋದೆ. ದನ, ಕುರಿಯ ಸಗಣಿ, ಹಿಕ್ಕೆ ನೋಡುವ ಅದೇ ಮೈಕ್ರೋಸ್ಕೋಪಿನಲ್ಲಿ ಅಲ್ಲಿನ ಡಾಕ್ಟರ್ ಖುಷಿಯಿಂದ ನೋಡಿಕೊಟ್ಟರು. ದುಂಡು ಹುಳುವಿನ ಮೊಟ್ಟೆ ಇತ್ತು. ಅದರ ಫೋಟೋ ಬೆಂಗಳೂರಿಗೆ ಕಳಿಸಿದೆವು, ಇಬ್ಬರೂ ಡಾಕ್ಟರು ಫೋನಿನಲ್ಲಿ ಮಾತಾಡಿಕೊಂಡು ತೂಕಕ್ಕೆ ತಕ್ಕ ಔಷಧಿ ಬರೆದರು. ಕುರಿಗೆ ಹಾಕೋ ಹುಳದ ಔಷಧಿಯನ್ನು ಅಂದಾಜಿನ ಮೇಲೆ ಹಾವಿಗೆ ಹಾಕೋಕೆ ಹೋಗಬೇಡಿ. ಸೊರಗಿದ ಮೈಗೆ ಒಂದು ಹನಿ ಜಾಸ್ತಿಯಾದರೂ ತಡೆಯುವ ಶಕ್ತಿ ಇರಲ್ಲ. ನಮ್ಮೂರ ಡಾಕ್ಟರೇ ಅವಳ ಬಾಯೊಳಗೆ ಟಾರ್ಚ್ ಹಾಕಿ ಹುಣ್ಣು ಇದೆಯಾ, ಹುರುಪೆಗಳ ಸಂದಿಯಲ್ಲಿ ಕರಿ ಉಣ್ಣೆ ಇದೆಯಾ, ಉಸಿರಾಡುವಾಗ ಗೊರಗೊರ ಸದ್ದು ಬರುತ್ತಾ ಅಂತಲೂ ನೋಡಿದರು. ಅದ್ಯಾವುದೂ ಇರಲಿಲ್ಲ. ಇದ್ದಿದ್ದರೆ ಕತೆಯೇ ಬೇರೆ, ಆಗ ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ ಇದು.

ಡಿಸೆಂಬರ್ 15. ತೂಕ 779. ಮೊದಲ ಗಂಜಿ ಊಟ: 20 ಗ್ರಾಂನ ಒಂದೇ ಒಂದು ಸಣ್ಣ ಇಲಿ.

ಇಲಿಯನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡುತ್ತೇನೆ, ಸಂಜೆ ಜಿಪ್ ಚೀಲದ ಸಮೇತ ಬಿಸಿನೀರಲ್ಲಿ ಮುಳುಗಿಸಿ ಬೆಚ್ಚಗೆ ಮಾಡುತ್ತೇನೆ. ಮೈಕ್ರೋವೇವ್ ಬೇಡವೇ ಬೇಡ, ಒಳಗೆ ಬೆಂದು ಹೋಗುತ್ತೆ, ಹೊಟ್ಟೆ ಒಡೆಯುತ್ತೆ. ಬಾಲ್ ಪೈಥಾನಿನ ತುಟಿಯ ಮೇಲೆ ಸಾಲು ಗುಳಿಗಳಿವೆ, ಅವು ಬಿಸಿಯನ್ನು ನೋಡುತ್ತವೆ. ಅದರ ಪಾಲಿಗೆ ತಣ್ಣನೆಯ ಇಲಿ ಇಲಿಯೇ ಅಲ್ಲ. ಹಾಗಾಗಿ ಇಲಿಯ ಮೈ 38-40 ಡಿಗ್ರಿ ಇರಬೇಕು, ತಲೆ ಇನ್ನೂ ಸ್ವಲ್ಪ ಬೆಚ್ಚಗಿದ್ದರೆ ಒಳ್ಳೆಯದು. ಅದೇ ಗನ್ ಹಿಡಿದು ನೋಡಿಕೊಂಡೆ. ದೀಪ ಆರಿಸಿ, ಉದ್ದನೆಯ ಇಕ್ಕಳದಲ್ಲಿ ಗಡಿಗೆಯ ಬಾಯಿ ಹತ್ತಿರ ಹಿಡಿದು ಸುಮ್ನೆ ನಿಂತೆ. ನಾಲಿಗೆ ಬಂತು, ಹೋಯಿತು. ಮತ್ತೆ ಬಂತು. ಏಳು ನಿಮಿಷ ನಿಂತಿದ್ದೆ, ಭುಜ ಸೋತಿತ್ತು. ಆಮೇಲೆ ಒಂದೇ ಏಟಿಗೆ ಎಳೆದುಕೊಂಡು ಒಳಗೆ ಹೋದಳು.

ಐದು ದಿನ ಕೋಣೆ ಬಾಗಿಲು ತೆಗೆಯುವಾಗಲೆಲ್ಲ ಮೊದಲು ಮೂಗಿನಿಂದಲೇ ನೋಡುತ್ತಿದ್ದೆ. ವಾಸನೆ ಬರಲಿಲ್ಲ. ಎಂಟನೇ ದಿನ ಹಿಕ್ಕೆ ಹಾಕಿದಳು. ನಾನು ಮಹಡಿಯಿಂದ ಓಡಿಬಂದು ಅವ್ವನಿಗೆ ಹೇಳಿದೆ. ಅವ್ವ ಅವತ್ತೇ ಮೊದಲ ಸಲ ಮೇಲೆ ಬಂದು ಬಾಗಿಲ ಹತ್ತಿರ ನಿಂತು ನೋಡಿ, "ಭಾಳ ಸೊರಗೈತಿ ಪಾಪ" ಅಂದಳು.

ಒಂದು ತಿಂಗಳು ಹಾಗೇ 20-25 ಗ್ರಾಂನ ಊಟ, ಎಂಟು ದಿನಕ್ಕೊಮ್ಮೆ. ಜನವರಿ ಅರ್ಧಕ್ಕೆ 806. ಆಮೇಲೆ 40-45 ಗ್ರಾಂ. ಬೇಗ ತುಂಬಲಿ ಅಂತ ದಿನ ಹತ್ತಿರ ಮಾಡಬೇಕು ಅನಿಸುತ್ತಿತ್ತು, ಡಾಕ್ಟರ್ ಬಿಡಲಿಲ್ಲ. ಮೊದಲು ಇಲಿಯ ಗಾತ್ರ ಸ್ವಲ್ಪ ಏರಿಸಿ, ಎರಡು ಸಲ ಸರಿಯಾಗಿ ಜೀರ್ಣ ಆದ ಮೇಲೆ ಮಾತ್ರ ಮತ್ತೆ ಏರಿಸಿ, ಒಟ್ಟಿಗೆ ಎರಡನ್ನೂ ಬದಲಿಸಬೇಡಿ ಅಂದರು. ಮಾರ್ಚ್ ಮೊದಲ ವಾರ 890. ಏಪ್ರಿಲ್ ಅರ್ಧಕ್ಕೆ 968.

ತೂಗೋದು ಭಾನುವಾರ ಬೆಳಿಗ್ಗೆ, ಊಟಕ್ಕೆ ಮೊದಲು, ಆದಷ್ಟು ಹಿಕ್ಕೆ ಹಾಕಿದ ಮೇಲೆ. ಹೊಟ್ಟೆಯಲ್ಲಿ ಇಲಿ ಇರುವಾಗ ತೂಗಿದರೆ ಸುಮ್ನೆ ಖುಷಿ ಪಡಬಹುದು ಅಷ್ಟೇ, ಅದು ಇಲಿಯ ತೂಕ. ಲೆಕ್ಕದ ಪುಸ್ತಕವನ್ನೇ ಒಂದು ಇಟ್ಟೆ: ತಾರೀಖು, ತೂಕ, ಇಲಿಯ ತೂಕ, ಬಿಸಿ, ತೇವ, ಹಿಕ್ಕೆ, ಪೊರೆ. ಪ್ರತಿ ತಿಂಗಳ ಒಂದನೇ ತಾರೀಖು ಮೇಲಿನಿಂದ ಒಂದು ಫೋಟೋ. ತಕ್ಕಡಿ ಹೇಳದ್ದನ್ನು ಫೋಟೋ ಹೇಳುತ್ತದೆ. ಮಾರ್ಚ್‌ನಲ್ಲಿ ತೂಕ ಏರಿದ್ದರೂ ಬೆನ್ನುಮೂಳೆ ಹಾಗೇ ಚೂಪಾಗಿತ್ತು, ಮಾಂಸ ಬಾಲದ ಕಡೆಯಿಂದ ತುಂಬಿಕೊಂಡು ಬರುತ್ತಿತ್ತು.

ಇಲಿ ಎಲ್ಲಿಂದ ಅಂತ ಕೇಳುತ್ತೀರಿ. ಬೆಂಗಳೂರಿನಲ್ಲಿ ಹಾವಿನ ಊಟಕ್ಕಂತಲೇ ಬೆಳೆಸಿ ಫ್ರೀಜ್ ಮಾಡಿ ಕೊಡುವವರಿದ್ದಾರೆ. ಎರಡು ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಬರುವ ಗೆಳೆಯ ಥರ್ಮೋಕೋಲ್ ಡಬ್ಬಿಯಲ್ಲಿ ತಂದುಕೊಡುತ್ತಾನೆ. ಅಡುಗೆಮನೆ ಫ್ರಿಜ್ಜಿಗೆ ಅವ್ವ ಒಪ್ಪಲಿಲ್ಲ, ಅದು ಸರಿಯೂ ಹೌದು. ಇಲಿಯಿಂದ, ಹಾವಿನಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬರಬಹುದು, ಅದಕ್ಕೆ ಬೇರೆಯೇ ಪಾತ್ರೆ, ಬೇರೆಯೇ ಇಕ್ಕಳ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯೋದು. ಹಳೆಯದೊಂದು ಸಣ್ಣ ಫ್ರಿಜ್ಜನ್ನು ಕೌಲ್ ಬಜಾರಿನಲ್ಲಿ ಕೊಂಡು ಮಹಡಿಯಲ್ಲಿಟ್ಟೆ.

ಸಿರುಗುಪ್ಪದ ಕಡೆ ಭತ್ತದ ಗದ್ದೆ ಇರುವ ನಮ್ಮ ಯೂನಿಟ್ಟಿನ ಹುಡುಗನೊಬ್ಬ, "ಅಣ್ಣಾ, ದುಡ್ಡು ಕೊಟ್ಟು ಇಲಿ ತರ್ತೀಯಲ್ಲ, ನಮ್ಮ ಗದ್ದಿಗೆ ಬಾ, ಚೀಲಗಟ್ಟಲೆ ಕೊಡ್ತೀನಿ" ಅಂದ. ಒಳ್ಳೆ ಮನಸ್ಸಿಂದಲೇ ಅಂದಿದ್ದು. ಬೇಡ ಅಂದೆ. ಗದ್ದೆಯ ಇಲಿ ಪಾಷಾಣ ತಿಂದಿರಬಹುದು. ಈಗಿನ ಇಲಿ ಔಷಧಿಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಕೊಲ್ಲುವಂಥವು. ಇಲಿ ಅದನ್ನು ತಿಂದು ಎರಡು ಮೂರು ದಿನ ಓಡಾಡಿಕೊಂಡೇ ಇರುತ್ತೆ, ನೋಡಿದರೆ ತಿಳಿಯಲ್ಲ, ಅದನ್ನು ತಿಂದವರಿಗೂ ಆ ವಿಷ ಹೋಗುತ್ತದೆ. ಹುಳು, ಉಣ್ಣೆ ಬೇರೆ. ಜೀವಂತ ಇಲಿಯನ್ನೂ ಬಿಡಬೇಡಿ. ನಿಶ್ಶಕ್ತ ಹಾವನ್ನು ಇಲಿಯೇ ಕಚ್ಚಿ ಗಾಯ ಮಾಡುತ್ತದೆ. ಕೋಳಿ ಮಾಂಸದ ತುಂಡು ಹಾಕಬಹುದಾ ಅಂತಲೂ ಕೇಳಿದ್ದರು. ಹಾವಿಗೆ ಮೂಳೆ, ಕರುಳು, ಕೂದಲು ಸಮೇತ ಇಡೀ ಪ್ರಾಣಿ ಬೇಕು. ಬರೀ ಮಾಂಸದಲ್ಲಿ ಸುಣ್ಣದ ಅಂಶ ಸಾಲದು.

ಇನ್ನು ಬಾಯಿ ತೆರೆದು ತುರುಕೋದು. ಬೇಡ. ಗಂಟಲು ಹರಿಯಬಹುದು, ಮತ್ತೆ ಕಕ್ಕಬಹುದು, ನಿಮ್ಮ ಕೈ ಕಂಡರೆ ಹಾವು ಹೆದರೋದಂತೂ ಖಂಡಿತ. ಬೇರೆ ದಾರಿ ಇಲ್ಲದಾಗ ಮಾಡಬೇಕಾದರೆ ಡಾಕ್ಟರ್ ಮಾಡಲಿ.

ಏಪ್ರಿಲ್ ಕೊನೆಗೆ ನಮ್ಮ ಬಿಸಿಲು ಬಂತು. ಈಗ ಸಮಸ್ಯೆ ಉಲ್ಟಾ. ಹೊರಗೆ 42, ಆರ್‌ಸಿಸಿ ಕೆಳಗಿನ ಮಹಡಿ ಕೋಣೆಯಲ್ಲಿ ಮಧ್ಯಾಹ್ನ 38. ಬಾಲ್ ಪೈಥಾನಿಗೆ 35 ದಾಟಿದರೆ ಅಪಾಯ. ಮ್ಯಾಟ್ ಆರಿಸಿ, ಪೆಟ್ಟಿಗೆಯನ್ನೇ ಕೆಳಗೆ ಇಳಿಸಬೇಕಾಯಿತು. ಕೆಳಗೆ ಶಾಬಾದಿ ಕಲ್ಲಿನ ನೆಲ, ಮೆಟ್ಟಿಲ ಕೆಳಗಿನ ಕತ್ತಲೆ ಜಾಗ, ಅದೇ ಮನೆಯಲ್ಲಿ ತಂಪು. ಅಲ್ಲಿ ಅವ್ವ ಜೋಳ, ಬೇಳೆಯ ಡಬ್ಬಿ ಇಡುತ್ತಿದ್ದಳು. ನಾನು ಕೇಳೋಕೆ ಹಿಂಜರಿಯುತ್ತಿದ್ದೆ. ಅವಳೇ ಒಂದು ಬೆಳಿಗ್ಗೆ ಡಬ್ಬಿಗಳನ್ನೆಲ್ಲ ಈಚೆ ತೆಗೆದು, ಜಾಗ ಒರೆಸಿ, "ಇಲ್ಲಿಡು, ಮ್ಯಾಲೆ ಬೆಂದು ಹೋಗ್ತೈತಿ" ಅಂದಳು.

ಬಿಸಿಗಿಂತ ನಮ್ಮ ಒಣ ಗಾಳಿ ಜಾಸ್ತಿ ಕಾಡಿತು. ಈ ಹಾವಿಗೆ ಗಾಳಿಯಲ್ಲಿ ನೂರಕ್ಕೆ 60ರ ಆಸುಪಾಸು ತೇವ ಬೇಕು, ಮೇ ತಿಂಗಳಲ್ಲಿ ನಮ್ಮನೆಯಲ್ಲಿ ಮಧ್ಯಾಹ್ನ ಮೀಟರ್ 20 ತೋರಿಸುತ್ತಿತ್ತು. ಪೊರೆ ಚೂರುಚೂರಾಗಿ ಬಂತು, ಬಾಲದ ತುದಿಯಲ್ಲಿ ಉಂಗುರದ ಹಾಗೆ ಅಂಟಿಕೊಂಡಿತು. ಅದು ಹಾಗೇ ಉಳಿದರೆ ರಕ್ತ ಓಡದೆ ತುದಿ ಸತ್ತೇ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಅರ್ಧ ಗಂಟೆ ಸುತ್ತಿಟ್ಟು, ಬೆರಳಿನಿಂದ ಮೆಲ್ಲಗೆ ಜಾರಿಸಿದೆ. ಆಮೇಲೆ ನೆಲಕ್ಕೆ ತೆಂಗಿನ ನಾರಿನ ಪುಡಿ ಹಾಸಿ ಕೆಳಪದರ ಒದ್ದೆ ಮಾಡಿದೆ. ತಂಪು ತುದಿಯ ಗಡಿಗೆಯನ್ನು ದಿನಾ ನೀರಲ್ಲಿ ನೆನೆಸಿ ಇಟ್ಟೆ. ಬೇಸಿಗೆಯಲ್ಲಿ ಹರವಿ ನೀರು ತಣ್ಣಗಾಗೋದು ಹೇಗೋ ಹಾಗೇ, ಮಣ್ಣಿನ ಗಡಿಗೆ ಒಳಗಿನ ಗಾಳಿಯನ್ನು ತಂಪೂ ಮಾಡುತ್ತದೆ, ತೇವವನ್ನೂ ಕೊಡುತ್ತದೆ. ನಾನು ಖರ್ಚು ಮಾಡಿ ತಂದ ಸಾಮಾನಿನಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬಂದಿದ್ದು ಈ ಗಡಿಗೆಗಳೇ.

ಮೇ ತಿಂಗಳಲ್ಲಿ ಮೂರು ವಾರ ತಿನ್ನಲಿಲ್ಲ. ಮೊದಲಾಗಿದ್ದರೆ ಕಂಗಾಲಾಗುತ್ತಿದ್ದೆ. ಬಾಲ್ ಪೈಥಾನ್ ಉಪವಾಸ ಮಾಡೋದರಲ್ಲಿ ಹೆಸರುವಾಸಿ, ಚೆನ್ನಾಗಿರುವ ದೊಡ್ಡ ಹಾವು ತಿಂಗಳುಗಟ್ಟಲೆ ತಿನ್ನದೆ ಇದ್ದರೂ ತೂಕ ಅಷ್ಟಾಗಿ ಇಳಿಯಲ್ಲ. ಇವಳು ಇನ್ನೂ ಪೂರ್ತಿ ಚೆನ್ನಾಗಿರಲಿಲ್ಲ, ಅದಕ್ಕೆ ಡಾಕ್ಟರಿಗೆ ಹೇಳಿಟ್ಟೆ. ಹತ್ತಕ್ಕೆ ಒಂದು ಭಾಗ ತೂಕ ಇಳಿದರೆ ಕರೆದುಕೊಂಡು ಬನ್ನಿ, ಅಲ್ಲಿವರೆಗೆ ವಾರಕ್ಕೊಮ್ಮೆ ಮಾತ್ರ ಕೊಟ್ಟು ನೋಡಿ, ದಿನಾ ಇಲಿ ಹಿಡಿದು ಕಾಡಬೇಡಿ ಅಂದರು. 9 ಗ್ರಾಂ ಇಳಿಯಿತು ಅಷ್ಟೇ. ಪೊರೆ ಬಿಟ್ಟು ನಾಲ್ಕನೇ ದಿನ ತಾನೇ ತಿಂದಳು. ಜೂನ್ ಒಂದಕ್ಕೆ 1,020.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿ ಅಂದರೆ ದೊಡ್ಡ ಹಬ್ಬ, ಉಂಡಿ, ಜೋಕಾಲಿ, ನಾಗಪ್ಪನಿಗೆ ಹಾಲು. ಓಣಿಯಲ್ಲಿ ಎಲ್ಲರಿಗೂ ಅಷ್ಟು ಹೊತ್ತಿಗೆ ಚಕ್ಕುಲಿ ವಿಷಯ ಗೊತ್ತಿತ್ತು. ಪಕ್ಕದ ಮನೆ ಅಕ್ಕ ಬೆಳ್ಳಿ ಬಟ್ಟಲಲ್ಲಿ ಹಾಲು ತಂದು, "ಒಂದಿಷ್ಟು ಕುಡಿಸ್ರಿ, ಮೈ ಹತ್ತತೈತಿ" ಅಂದರು. ಅವರ ಭಕ್ತಿ ನಿಜವಾದದ್ದು, ನಾನು ಮರ್ಯಾದೆಯಿಂದಲೇ ಹೇಳಿದೆ: ಅಕ್ಕಾ, ಹಾಲು ಕುಡಿಯೋದು ತಾಯಿ ಮೊಲೆ ಕೊಡುವ ಪ್ರಾಣಿಗಳ ಮರಿಗಳು. ಹಾವಿನ ಹೊಟ್ಟೆಗೆ ಅದನ್ನು ಕರಗಿಸೋಕೆ ಬರಲ್ಲ. ಬಾಯಾರಿದ ಹಾವು ಎದುರಿಗೆ ಏನಿಟ್ಟರೂ ಕುಡಿಯುತ್ತದೆ, ಅದನ್ನೇ ನಾವು ಇಷ್ಟ ಅಂದುಕೊಳ್ಳುತ್ತೇವೆ. ಕುಡಿದರೆ ಹೊಟ್ಟೆ ಕೆಡುತ್ತೆ. ನಾನು ಇನ್ನೂ ಹೇಳುತ್ತಿದ್ದಾಗಲೇ ಅವ್ವ ಒಳಗಿನಿಂದ ಒಂದು ಬಟ್ಟಲು ನೀರು ತಂದು ಅಕ್ಕನ ಕೈಗೆ ಕೊಟ್ಟು, "ಇದನ್ನ ಇಡು ತಂಗಿ, ಇದು ಕುಡೀತಾಳೆ" ಅಂದಳು. ಅಕ್ಕ ನೀರು ಇಟ್ಟು ಕೈಮುಗಿದರು. ಹಾಲನ್ನು ಓಣಿಯ ಹುಡುಗರು ಕುಡಿದರು.

ಆಗಸ್ಟ್ ಒಂದಕ್ಕೆ 1,142. ಊಟ 70-75 ಗ್ರಾಂ, ಹತ್ತು ದಿನಕ್ಕೊಮ್ಮೆ. ಈಗ ಎತ್ತಿಕೊಂಡರೆ ಅವಳು ತನ್ನ ಮೈಯನ್ನು ತಾನೇ ಹಿಡಿದುಕೊಳ್ಳುತ್ತಾಳೆ, ತೋಳಿಗೆ ಬಿಗಿಯಾಗಿ ಸುತ್ತುತ್ತಾಳೆ. ಬಂದಾಗ ಹಗ್ಗದ ಹಾಗೆ ಜೋತು ಬೀಳುತ್ತಿದ್ದಳು. ಆದರೂ ಊಟದ ನಂತರ ಎರಡು ದಿನ ಎತ್ತಿಕೊಳ್ಳಲ್ಲ.

ಹೋದ ಭಾನುವಾರ 1,230. ಬೆರಳು ಆಡಿಸಿದರೆ ಬೆನ್ನುಮೂಳೆ ತಿಳಿಯುತ್ತೆ, ಎಣಿಸೋಕೆ ಆಗಲ್ಲ. ಪಕ್ಕೆಯಲ್ಲಿ ಮಡಿಕೆ ಇಲ್ಲ. ಬೆಂಗಳೂರು ಡಾಕ್ಟರಿಗೆ ಫೋಟೋ ಕಳಿಸಿದೆ, ಇಲ್ಲಿಗೆ ಸಾಕು, ಇನ್ನು ಊಟ ದೂರ ದೂರ ಮಾಡಿ ಅಂದರು. ಇದೂ ಮುಖ್ಯ. ಸೊರಗಿದ ಹಾವನ್ನು ತುಂಬಿಸುವ ಅಭ್ಯಾಸ ಕೈಗೆ ಹತ್ತಿಬಿಟ್ಟರೆ ನಿಲ್ಲಿಸೋಕೆ ಮನಸ್ಸು ಬರಲ್ಲ, ಕೊಬ್ಬು ಜಾಸ್ತಿಯಾದ ಹಾವಿಗೆ ಲಿವರ್ ಕೆಡುತ್ತದೆ. ಇನ್ನು ಮೇಲೆ ಎರಡು ಮೂರು ವಾರಕ್ಕೊಮ್ಮೆ, ತೂಕದ ನೂರಕ್ಕೆ ಐದಾರು ಭಾಗದಷ್ಟು ಇಲಿ.

ತಮ್ಮ ಜರ್ಮನಿಯಿಂದ ವಿಡಿಯೋ ಕಾಲ್ ಮಾಡಿದ್ದ. ನವೆಂಬರ್‌ನ ಫೋಟೋ, ಈಗಿನದು ಎರಡನ್ನೂ ಪಕ್ಕಪಕ್ಕ ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಮ್ಯಾಟ್ ಒಂದನ್ನ ಮುಟ್ಟಿ ನೋಡಿದ್ರೆ ಆಗ್ತಿತ್ತಲ್ಲ ಅಣ್ಣಾ" ಅಂದ. ಮುಟ್ಟಿದರೂ ತಿಳಿಯುತ್ತಿರಲಿಲ್ಲ ಕಣೋ, ನಮ್ಮ ಕೈಗೆ ಡಿಗ್ರಿ ಲೆಕ್ಕ ಸರಿಯಾಗಿ ಗೊತ್ತಾಗಲ್ಲ, ಅಂದೆ. ಅದು ನಿಜವೂ ಹೌದು.

ಈ ವಾರ ಊಟ ಇಲ್ಲ. ಪೊರೆಗೆ ಬಂದಿದ್ದಾಳೆ, ಕಣ್ಣು ಮಂಜು ಹಿಡಿದ ನೀಲಿಯಾಗಿದೆ, ಮೈ ಬಣ್ಣ ಮಾಸಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಗಡಿಗೆ ನೆನೆಸೋಣ ಅಂತ ಮೆಟ್ಟಿಲ ಕೆಳಗೆ ಬಗ್ಗಿದರೆ ಅದು ಆಗಲೇ ಒದ್ದೆಯಾಗಿತ್ತು. ಅವ್ವ ನೀರು ಹಾಕಿ ಹೋಗಿದ್ದಳು.